ಭುಜಬಲವೂ ಭಾರವೆತ್ತುವ ವಿದ್ಯೆಯೂ: ಕಾವ್ಯಗಳ ಬಲವರ್ಣನೆಯನ್ನು ಕುರಿತ ಕೆಲವು ವಿಚಾರಗಳು

ಗದಗ ಜಿಲ್ಲೆಯ ಸೊರಟೂರಿನ ಹೆಸರು ಕನ್ನಡನಾಡಿನ ಇತಿಹಾಸವನ್ನು ಓದಿದವರಿಗೆ ಅಪರಿಚಿತವಾದುದಲ್ಲ. 1190ರ ಸುಮಾರಿನಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಸೇವುಣರ ಐದನೆಯ ಭಿಲ್ಲಮನ ಸೇನೆಯನ್ನು ಭಂಗಪಡಿಸಿದುದು ಇಲ್ಲಿ. ಹೊಯ್ಸಳರ ಬಿರುದುಗಳಲ್ಲಿ ‘ಭುಜಬಲವೀರಗಂಗ’ ಎಂಬುದು ಸುಪ್ರಸಿದ್ಧ. ಬಲವು ಭುಜದಲ್ಲಿ ನೆಲಸಿದೆಯೆಂಬ ಈ ಭಾವನೆ ಶಾಸನಕವಿಗಳಿಗೆ ಮಾತ್ರ ಸೇರಿದುದಲ್ಲ. ತೋಳ್ಬಲ, ಬಾಹುಬಲ, ದೋರ್ಬಲ, ದೋರ್ದಂಡ ಎಂದು ನಮ್ಮ ಕಾವ್ಯಪರಂಪರೆಯೆಲ್ಲ ವೀರನ ಸತ್ತ್ವವನ್ನು ತೋಳಿನಲ್ಲಿಯೇ ಅಳೆಯುತ್ತ ಬಂದಿದೆ. ಆದರೆ ಅದೇ ಸೊರಟೂರಿನ ಹೊಲದಲ್ಲಿ ಜೋಳದ ಚೀಲವನ್ನು ನೆಲದಿಂದೆತ್ತಿ ಬಂಡಿಗೆ ಹಾಕುವ ರೈತನು ಬಲ್ಲ ಸಂಗತಿ ಬೇರೆ. ಕಾಲೂರದೆ, ನಡು ಬಿಗಿಯದೆ ತೋಳನ್ನು ನಂಬಿದವನ ಚೀಲ ನೆಲ ಬಿಡುವುದಿಲ್ಲ. ಬಿಟ್ಟರೂ ಅವನ ಟೊಂಕ ಉಳಿಯುವುದಿಲ್ಲ. ಕವಿಯ ತಿಳಿವಳಿಕೆಗೂ ರೈತನ ತಿಳಿವಳಿಕೆಗೂ ನಡುವೆ ಇರುವ ಈ ಅಂತರವು ವಿಚಾರಣೀಯವಾಗಿದೆ. ನಮ್ಮ ವಿಮರ್ಶೆಯು ಬಲವರ್ಣನೆಯನ್ನು ವೀರರಸವೆಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿ ಮುಂದೆ ಸಾಗಿರುವುದರಿಂದ ಈ ಪ್ರಶ್ನೆಯೇ ಹುಟ್ಟಿದಂತಿಲ್ಲ.

ಮೊದಲು ಭಾರವೆತ್ತುವ ಕ್ರಿಯೆಯ ಸ್ವರೂಪವನ್ನು ಗೊತ್ತುಮಾಡಿಕೊಳ್ಳುವುದು ಅವಶ್ಯ. ನೆಲದ ಮೇಲೆ ನಿಶ್ಚಲವಾಗಿ ಬಿದ್ದಿರುವ ಭಾರವನ್ನು ಹಿಡಿದು, ಮೈ ನೆಟ್ಟಗಾಗುವವರೆಗೆ ಎತ್ತಿ ನಿಲ್ಲುವುದಕ್ಕೆ ಇಂದಿನ ವ್ಯಾಯಾಮಶಾಲೆಗಳಲ್ಲಿ ‘ಡೆಡ್‌ಲಿಫ್ಟ್’ ಎಂದು ಹೆಸರು. ಪವರ್‌ಲಿಫ್ಟಿಂಗ್ ಸ್ಪರ್ಧೆಯ ಮೂರು ಎತ್ತುಗಳಲ್ಲಿ ಇದು ಕೊನೆಯದು. ಸ್ಪರ್ಧೆಯ ದೊಡ್ಡ ತಟ್ಟೆಗಳ ವ್ಯಾಸ 45 ಸೆಂ.ಮೀ. ಆದುದರಿಂದ ಕಬ್ಬಿಣದ ಸರಳು ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿ ಕೈಗೆ ಸಿಕ್ಕುತ್ತದೆ. ಎತ್ತುವವನು ಸರಳು ಪಾದದ ನಡುಭಾಗದ ಮೇಲೆ ಬರುವಂತೆ ನಿಲ್ಲುತ್ತಾನೆ. ಸೊಂಟದ ಕೀಲಿನಿಂದ ಬಾಗಿ, ಮೊಣಕಾಲನ್ನು ತಕ್ಕಷ್ಟೇ ಮಡಿಸಿ, ಕಣಕಾಲು ಸರಳಿಗೆ ತಾಕುವಂತೆ ಕೈಯಿಡುತ್ತಾನೆ. ಉಸಿರನ್ನು ಹೊಟ್ಟೆಯ ತುಂಬ ಎಳೆದು, ನಡುವನ್ನು ಬಿಗಿದು, ಬೆನ್ನು ಗೂನಾಗದಂತೆ ಹಿಡಿಯುತ್ತಾನೆ. ಆಮೇಲೆ ಸರಳನ್ನು ಜಗ್ಗುವುದಿಲ್ಲ. ಮೊದಲು ತೋಳು ಸರಳುಗಳ ನಡುವಿನ ಸಡಿಲವನ್ನೆಲ್ಲ ಮೆಲ್ಲನೆ ಎಳೆದು ತೆಗೆದು, ಅನಂತರ ಪಾದದಿಂದ ನೆಲವನ್ನೇ ಕೆಳಕ್ಕೆ ಒತ್ತುತ್ತಾನೆ. ಸರಳು ಕಾಲಿಗೆ ತಾಗಿಕೊಂಡೇ ಮೇಲೇರುತ್ತದೆ. ಮೊಣಕಾಲು ದಾಟಿದ ಮೇಲೆ ಸೊಂಟವು ಮುಂದೆ ಬಂದು ಮೈ ನೆಟ್ಟಗಾಗುತ್ತದೆ. ಇಷ್ಟರಲ್ಲಿ ತೋಳಿನ ಕೆಲಸವೆಂದರೆ ಹಗ್ಗದ ಕೆಲಸ ಮಾತ್ರ. ಮೊಣಕೈ ಮಡಿದರೆ ಎತ್ತು ಕೆಟ್ಟಿತೆಂದೇ ಅರ್ಥ. ದುಡಿಯುವುದು ತೊಡೆ, ನಿತಂಬ, ಬೆನ್ನಿನ ನಿಡುಸ್ನಾಯುಗಳು.

ಸರಳು ಕಾಲಿಗೆ ತಾಗಿರಬೇಕೆಂಬ ನಿಯಮಕ್ಕೆ ಕಾರಣವನ್ನು ಸರಳವಾದ ಲೆಕ್ಕದಿಂದ ತಿಳಿಯಬಹುದು. 100 ಕೆ.ಜಿ. ಭಾರವು ಸೊಂಟದ ಬೆನ್ನುಮೂಳೆಯಿಂದ 30 ಸೆಂ.ಮೀ. ಮುಂದಿದೆಯೆಂದಿಟ್ಟುಕೊಳ್ಳೋಣ. ಮೂಳೆಯ ಹಿಂದೆ ಸುಮಾರು 5 ಸೆಂ.ಮೀ. ಅಂತರದಿಂದ ಎಳೆಯುವ ಸ್ನಾಯುಗಳು ಅದನ್ನು ಸರಿದೂಗಿಸಲು 600 ಕೆ.ಜಿ.ಯಷ್ಟು ಸೆಳೆಯಬೇಕು. ಭಾರವು ಇನ್ನು 10 ಸೆಂ.ಮೀ. ಮುಂದೆ ಹೋದರೆ ಸೆಳೆತವು 800 ಕೆ.ಜಿ.ಗೆ ಏರುತ್ತದೆ. ಬಾಗಿದ ಮೈಯ ಸ್ವಂತ ಭಾರ ಇದಕ್ಕೆ ಸೇರಿಲ್ಲ. ಎತ್ತುವವನ ಬಲವೂ ಭಾರವೂ ಬದಲಾಗದೆ ಇದ್ದರೂ, ನಾಲ್ಕು ಬೆರಳಿನ ಅಂತರ ಬೆನ್ನಿನ ಪಾಡನ್ನು ಬದಲಿಸಿಬಿಡುತ್ತದೆ. ವಿದ್ಯೆಯೆಂದು ಕರೆಯಬೇಕಾದುದು ಇದನ್ನೇ. ಬೆನ್ನು ಎಷ್ಟರ ಮಟ್ಟಿಗೆ ಬಾಗಬಹುದೆಂಬ ವಿಷಯದಲ್ಲಿ ಇಂದಿನ ವಿದ್ವಾಂಸರಲ್ಲಿ ಮತಭೇದವುಂಟು. ಭಾರವು ಮೈಗೆ ಹತ್ತಿರವಿರಬೇಕೆಂಬುದರಲ್ಲಿ ಭೇದವಿಲ್ಲ.

ಬಲವನ್ನು ಬೆಳೆಸುವ ಕ್ರಮವೂ ಅಂತಹದೇ. ಕ್ರೋಟಾನಿನ ಮಿಲೊ ಎಂಬ ಗ್ರೀಕ್ ಮಲ್ಲನು ಎಳೆಗರುವೊಂದನ್ನು ದಿನವೂ ಹೊತ್ತು, ಅದು ಹೋರಿಯಾಗುವ ಹೊತ್ತಿಗೆ ಹೋರಿಯನ್ನೇ ಹೊರಬಲ್ಲವನಾದನೆಂಬ ಕಥೆ ಎಲ್ಲರೂ ಕೇಳಿದುದು. ಕಥೆ ಕಥೆಯೇ ಸರಿ, ಆದರೆ ಅದರೊಳಗೊಂದು ಕ್ರಮವಿದೆ. 1945ರಲ್ಲಿ ಡಿಲಾರ್ಮ್ ಎಂಬ ಅಮೆರಿಕದ ಸೈನ್ಯವೈದ್ಯನು ಗಾಯಗೊಂಡ ಸೈನಿಕರ ಚಿಕಿತ್ಸೆಗಾಗಿ ಇದೇ ಕ್ರಮವನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದನು. ಆರಂಭದ ವಿದ್ಯಾರ್ಥಿಗೆ ವಾರಕ್ಕೆ ಒಂದೆರಡು ದಿನ, ಸುತ್ತಿಗೆ ಐದೈದು ಎತ್ತು, ಮೈ ಒಗ್ಗಿದಂತೆ 2.5 ಅಥವಾ 5 ಕೆ.ಜಿ. ಏರಿಕೆ, ನಡುವೆ ತಕ್ಕ ಊಟ ನಿದ್ರೆ—ಇಷ್ಟೇ ಅದರ ಸಾರ. ಏರಿಕೆ ನಿಂತುಹೋಗುವ ಕಾಲವೂ ಬರುತ್ತದೆ. ಆಗ ಭಾರವನ್ನು ಕೆಲವು ದಿನ ಇಳಿಸಿ ಮತ್ತೆ ಏರಿಸುವುದು ರೂಢಿ.

ಇಷ್ಟನ್ನು ಮನಸ್ಸಿನಲ್ಲಿಟ್ಟು ಕಾವ್ಯದ ಕಡೆಗೆ ತಿರುಗಿದರೆ ಒಂದು ವಿಚಿತ್ರ ಕಂಡುಬರುತ್ತದೆ. ಎತ್ತಿ ಗೆದ್ದವನ ಮೈ ಕಾವ್ಯದಲ್ಲಿ ಕಾಣಿಸುವುದೇ ಇಲ್ಲ. ಎತ್ತಲಾರದೆ ಸೋತವನ ಮೈ ಮಾತ್ರ ಕಾಣಿಸುತ್ತದೆ.

ಭೀಮನು ಹನುಮಂತನ ಬಾಲವನ್ನೆತ್ತಹೋದ ಪ್ರಸಂಗವನ್ನು ತೆಗೆದುಕೊಳ್ಳೋಣ. ಸೌಗಂಧಿಕ ಪುಷ್ಪವನ್ನರಸಿ ಹೊರಟವನಿಗೆ ಮುದಿಕಪಿಯೊಂದು ದಾರಿಗಡ್ಡವಾಗಿ ಮಲಗಿದೆ. ವ್ಯಾಸಭಾರತದ ವನಪರ್ವದಲ್ಲಿ ಭೀಮನು ಮೊದಲು ನಗುತ್ತ, ಅವಜ್ಞೆಯಿಂದ, ಎಡಗೈಯೊಂದರಿಂದಲೇ ಬಾಲವನ್ನು ಹಿಡಿಯುತ್ತಾನೆ. ಅದು ಅಲುಗುವುದಿಲ್ಲ. ಆಮೇಲೆ ಎರಡು ತೋಳುಗಳನ್ನೂ ಹಚ್ಚುತ್ತಾನೆ. ಆಗಲೂ ಏಳುವುದಿಲ್ಲ. ಹುಬ್ಬು ಮೇಲೇರುತ್ತದೆ, ಕಣ್ಣು ಹೊರಳುತ್ತದೆ, ಮುಖ ಗಂಟಿಕ್ಕುತ್ತದೆ, ಮೈಯೆಲ್ಲ ಬೆವರುತ್ತದೆ. ಗದುಗಿನ ವೀರನಾರಾಯಣನ ಸನ್ನಿಧಿಯ ಕವಿಯಾದ ಕುಮಾರವ್ಯಾಸನೂ ತನ್ನ ಅರಣ್ಯಪರ್ವದಲ್ಲಿ ಈ ಪ್ರಸಂಗವನ್ನು ಬಿಟ್ಟಿಲ್ಲ. ಇದನ್ನು ಗರ್ವಭಂಗದ ಕಥೆಯೆಂದು ಓದುವುದು ವಾಡಿಕೆ. ಆ ಓದು ತಪ್ಪಲ್ಲ. ಆದರೆ ಗರಡಿಯ ಉಸ್ತಾದನೊಬ್ಬನು ಈ ಭಾಗವನ್ನು ಕೇಳಿದರೆ ಅವನ ಗಮನ ಬೇರೆಡೆ ಹೋಗುತ್ತದೆ. ಭಾರವನ್ನು ಅಂದಾಜುಮಾಡದೆ ಒಂಟಿಗೈ ಹಾಕಿದುದು ಮೊದಲ ದೋಷ. ಎರಡನೆಯ ಪ್ರಯತ್ನದಲ್ಲಿ ಕೈ ಎರಡಾದುವೇ ಹೊರತು ನಿಲುವು ಬದಲಾಯಿತೆಂದು ಕವಿ ಹೇಳುವುದಿಲ್ಲ. ಪಾದ ಎಲ್ಲಿತ್ತು, ಸೊಂಟ ಎಷ್ಟು ಇಳಿಯಿತು ಎಂಬ ಮಾತಿಲ್ಲ. ಕವಿಯ ಕಣ್ಣು ಮುಖದಿಂದ ಕೆಳಗಿಳಿಯುವುದಿಲ್ಲ. ಹಾಗಿದ್ದರೂ ಭಾರವೆತ್ತುವವನ ಮುಖವನ್ನು ಇಷ್ಟು ನಿಜವಾಗಿ ಕಂಡ ಭಾಗಗಳು ವಿರಳ. ಕಣ್ಣು ಹೊರಳಿದುದನ್ನು ನೋಡದೆ ಬರೆಯಲು ಸಾಧ್ಯವಿಲ್ಲ.

ದ್ರೌಪದೀಸ್ವಯಂವರದಲ್ಲಿಯೂ ಇದೇ ಕ್ರಮ. ವ್ಯಾಸಭಾರತದ ಪ್ರಚಲಿತ ಪಾಠದಂತೆ ಶಿಶುಪಾಲ, ಜರಾಸಂಧ, ಶಲ್ಯರು ಬಿಲ್ಲನ್ನೆತ್ತಿ ಹೆದೆಯೇರಿಸಹೋಗಿ ಮೊಣಕಾಲ ಮೇಲೆ ನೆಲಕ್ಕೆ ಕುಸಿಯುತ್ತಾರೆ. ಮೊಣಕಾಲೆಂಬ ಅಂಗವು ಸೋತವರ ಪಾಲಿಗೆ ಮಾತ್ರ ಉಂಟು. ಅರ್ಜುನನ ಸರದಿ ಬಂದಾಗ ಕಣ್ಣೆವೆಯಿಕ್ಕುವಷ್ಟರಲ್ಲಿ ಹೆದೆಯೇರಿಬಿಡುತ್ತದೆ. ಅವನಿಗೆ ಮೊಣಕಾಲೂ ಇಲ್ಲ, ಉಸಿರೂ ಇಲ್ಲ. ಶಿಲ್ಪದಲ್ಲಿಯೂ ಬೇರೆಯಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಕೈಲಾಸವನ್ನೆತ್ತುವ ರಾವಣನೂ ಇದ್ದಾನೆ, ಗೋವರ್ಧನವನ್ನೆತ್ತಿದ ಕೃಷ್ಣನೂ ಇದ್ದಾನೆ. ಭಾರದ ಕೆಳಗೆ ಮೈ ಕುಗ್ಗಿಸಿ ಹೆಣಗುವವನು ರಾವಣ. ಕೃಷ್ಣನ ಕೈಯಲ್ಲಿ ಬೆಟ್ಟವು ಕೊಡೆಯಂತಿದೆ. ದೇವರಿಗೆ ಭಾರವಿಲ್ಲದಿರುವುದು ಸಹಜ. ಆದರೆ ಮನುಷ್ಯವೀರನಿಗೂ ಇದೇ ನಿರಾಯಾಸವನ್ನು ಹೊದಿಸಿದುದರಿಂದ ಶ್ರಮವೆಂಬುದು ದುರ್ಬಲನ ಅಥವಾ ಗರ್ವಿಷ್ಠನ ಲಕ್ಷಣವಾಗಿ ಉಳಿಯಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಾವ್ಯವೇನು ವ್ಯಾಯಾಮದ ಕೈಪಿಡಿಯೇ? ವೀರರಸಕ್ಕೆ ಸ್ಥಾಯಿ ಉತ್ಸಾಹವಲ್ಲದೆ ಪಾದವಿನ್ಯಾಸವಲ್ಲವಷ್ಟೆ? ಆಕ್ಷೇಪವು ಮೇಲ್ನೋಟಕ್ಕೆ ಸರಿಯಾದುದೇ. ಆದರೆ ನಮ್ಮ ಲಾಕ್ಷಣಿಕರೇ ಇದಕ್ಕೆ ಎಡೆಮಾಡಿಕೊಟ್ಟಿದ್ದಾರೆಂಬುದನ್ನು ಮರೆಯಬಾರದು. ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದಲ್ಲಿ ಮೂವತ್ತಮೂರು ವ್ಯಭಿಚಾರಿಭಾವಗಳ ನಡುವೆ ‘ಶ್ರಮ’ವೂ ಒಂದು. ದಾರಿ ನಡೆದುದು, ವ್ಯಾಯಾಮ ಮಾಡಿದುದು ಅದಕ್ಕೆ ವಿಭಾವಗಳು. ಮೈ ನೀವಿಕೊಳ್ಳುವುದು, ನಿಟ್ಟುಸಿರು, ಕಾಲು ಮೆಲ್ಲನೆ ಕಿತ್ತಿಡುವುದು, ಮುಖ ಕಣ್ಣುಗಳನ್ನು ಕಿವಿಚುವುದು ಅನುಭಾವಗಳು. ಸಾತ್ತ್ವಿಕಭಾವವಾದ ಸ್ವೇದಕ್ಕೂ ಕೋಪ, ಭಯ, ಲಜ್ಜೆಗಳ ಜೊತೆಯಲ್ಲಿ ಶ್ರಮ ವ್ಯಾಯಾಮಗಳನ್ನು ಕಾರಣವಾಗಿ ಹೇಳಿದೆ. ಪ್ರಿಯನನ್ನು ಕಂಡ ನಾಯಿಕೆಯ ಬೆವರನ್ನು ನಮ್ಮ ಕವಿಗಳು ನೂರು ಬಗೆಯಲ್ಲಿ ವರ್ಣಿಸಿದರು. ಭಾರವೆತ್ತಿದವನ ಬೆವರು ಶಾಸ್ತ್ರದ ಪಟ್ಟಿಯಲ್ಲಿಯೇ ಒಣಗಿತು. ಕೊರತೆಯಿದ್ದುದು ಶಾಸ್ತ್ರದಲ್ಲಲ್ಲ, ಅಭಿರುಚಿಯಲ್ಲಿ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಆಸ್ಥಾನದಲ್ಲಿಯಾದರೂ ವಿವರ ಸಿಕ್ಕೀತೆಂದು ‘ಮಾನಸೋಲ್ಲಾಸ’ವನ್ನು ತೆರೆದರೆ ಅರ್ಧ ತೃಪ್ತಿ. 12ನೆಯ ಶತಮಾನದ ಈ ಸಂಸ್ಕೃತ ಗ್ರಂಥದ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರ ವರ್ಗಗಳಿವೆ, ಅವರ ಆಹಾರದ ಮಾತಿದೆ, ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಸಾಧನೆಗಳ ಹೆಸರುಗಳಿವೆ. ಲಾಕ್ಷಣಿಕನ ‘ಶ್ರಮ’ವೂ ಮಲ್ಲನ ‘ಶ್ರಮ’ವೂ ಒಂದೇ ಮಾತಾಗಿರುವುದು ಗಮನಾರ್ಹ. ಆದರೆ ದೊರೆಯ ಆಸಕ್ತಿ ನೋಡುವವನದು. ಭಾರಶ್ರಮವೆಂಬ ಹೆಸರಿನಿಂದ ಭಾರವನ್ನೆತ್ತುವುದನ್ನು ಯಾರೂ ಕಲಿಯಲಾರರು.

ಹೊರಗಿನ ಎರಡು ನಿದರ್ಶನಗಳನ್ನು ಹೋಲಿಕೆಗಾಗಿ ನೋಡಬಹುದು. ಗ್ರೀಸಿನ ಥೇರಾ ದ್ವೀಪದಲ್ಲಿ ಸಿಕ್ಕ ಸುಮಾರು 480 ಕೆ.ಜಿ. ತೂಕದ ಕಲ್ಲೊಂದರ ಮೇಲೆ, ಯೂಮಸ್ತಾಸನೆಂಬವನು ತನ್ನನ್ನು ನೆಲದಿಂದೆತ್ತಿದನೆಂದು ಕಲ್ಲೇ ಹೇಳುವಂತೆ ಕೆತ್ತಿದೆ. ಒಲಿಂಪಿಯದ ಇನ್ನೊಂದು ಕಲ್ಲು ಸುಮಾರು 143 ಕೆ.ಜಿ.; ಬೈಬಾನನು ಅದನ್ನು ಒಂಟಿಗೈಯಿಂದ ತಲೆಯ ಮೇಲಿಂದ ಎಸೆದನೆಂದು ಬರಹ. ಎರಡೂ ಕ್ರಿ.ಪೂ. 6ನೆಯ ಶತಮಾನದವು. ಪ್ರಶಸ್ತಿಗಳೇ ಆದರೂ ‘ನೆಲದಿಂದ’, ‘ಒಂಟಿಗೈಯಿಂದ’ ಎಂದು ಎತ್ತಿನ ಬಗೆಯನ್ನು ಹೇಳುವುದರಿಂದ ಹೆಚ್ಚು ಭಾರದ ಎತ್ತು ಯಾವುದು, ಕಡಿಮೆ ಭಾರದ್ದು ಯಾವುದು ಎಂಬುದು ಓದಿದವನಿಗೆ ಹೊಂದಿಕೆಯಾಗಿ ತಿಳಿಯುತ್ತದೆ. ಐಸ್‌ಲೆಂಡಿನ ದ್ರಿತ್ವೀಕ್ ಕಡಲತಡಿಯಲ್ಲಿ ಬೆಸ್ತರು ಬಲಪರೀಕ್ಷೆಗಾಗಿ ಇಟ್ಟಿದ್ದ ಕಲ್ಲುಗಳು ನಾಲ್ಕು: 154, 100, 54, 23 ಕೆ.ಜಿ. ತೂಗುವ ಇವುಗಳಿಗೆ ಪೂರ್ಣಬಲ, ಅರ್ಧಬಲ ಎಂಬಂತಹ ಅರ್ಥ ಬರುವ ಹೆಸರುಗಳುಂಟು. ಅಲ್ಲಿ ಬಲವು ಬಿರುದಾಗಿರಲಿಲ್ಲ, ದೋಣಿಯಲ್ಲಿ ಕೆಲಸ ಸಿಕ್ಕುವ ಅಳತೆಯಾಗಿತ್ತು.

ನಮ್ಮ ಸೀಮೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡು, ಉಸುಕಿನ ಚೀಲಗಳನ್ನೆತ್ತುವ ಪಂದ್ಯಗಳು ಇಂದಿಗೂ ನಡೆಯುತ್ತವೆ. ಗುಂಡಿಗೆ ಹಿಡಿಕೆಯಿಲ್ಲ. ಸರಳಿನಂತೆ ಅದು ಕಣಕಾಲ ಎತ್ತರದಲ್ಲಿ ಕಾದಿರುವುದೂ ಇಲ್ಲ. ಕೈಗಳನ್ನು ಅದರ ಅಡಿಗೆ ತೂರಿಸಿ ತಬ್ಬಿಕೊಳ್ಳಬೇಕು. ಆದುದರಿಂದ ಇಲ್ಲಿ ಬೆನ್ನು ಸ್ವಲ್ಪ ಬಾಗುವುದು ಅನಿವಾರ್ಯ. ಬಲ್ಲ ಪೈಲವಾನನು ಅದನ್ನು ಒಂದೇ ಎಳೆತಕ್ಕೆ ಹೆಗಲಿಗೆ ಒಯ್ಯಲು ಹೋಗುವುದಿಲ್ಲ. ಮೊದಲು ತೊಡೆಯ ಮೇಲೆ ತಂದು ಕೂಡಿಸಿಕೊಂಡು, ಉಸಿರು ತೆಗೆದುಕೊಂಡು, ಕೈಯನ್ನು ಮತ್ತೆ ಹೊಂದಿಸಿ, ಎದೆಗೊತ್ತಿ ಏಳುತ್ತಾನೆ. ತೊಡೆಯೇ ಅವನಿಗೆ ಮೆಟ್ಟಿಲು.

ತೊಡೆಯ ಮಾತು ಬಂದಾಗ ಗದಾಯುದ್ಧವು ನೆನಪಾಗದಿರದು. ತೋಳನ್ನು ಹೊಗಳಿದ ಪರಂಪರೆಯಲ್ಲಿ ಒಬ್ಬ ವೀರನ ಅಳಿವು ತೊಡೆಯಲ್ಲಿದೆಯೆಂದು ಹೇಳಿದ ಕಥೆ ಊರುಭಂಗದ್ದು. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ಧರ್ಮ. ಈ ಧರ್ಮದ ಹಿಂದೆ ಮಲ್ಲರ ಅನುಭವವೊಂದು ಅಡಗಿದೆಯೆಂದು ನಮಗೆ ತೋರುತ್ತದೆ: ಗದೆಯನ್ನು ಬೀಸುವ ತೋಳಿಗೆ ಬಲ ಬರುವುದು ನೆಲದಿಂದ, ತೊಡೆಯ ಮೂಲಕ. ಅದನ್ನು ಮುರಿದರೆ ತೋಳು ಇದ್ದೂ ಇಲ್ಲ. ಮುದುವೊಳಲಿನ ರನ್ನನ ಕಾವ್ಯದಲ್ಲಿ ದುರ್ಯೋಧನನ ಮಹತ್ತ್ವವನ್ನು ವಿಮರ್ಶಕರು ಬೇಕಾದಷ್ಟು ಚರ್ಚಿಸಿದ್ದಾರೆ, ಭೀಮನ ಪ್ರತಿಜ್ಞೆಯ ನೈತಿಕತೆಯನ್ನೂ ಚರ್ಚಿಸಿದ್ದಾರೆ. ತೊಡೆಯೇ ಏಕೆ ಎಂಬ ಪ್ರಶ್ನೆಗೆ ದ್ಯೂತಸಭೆಯ ಅವಮಾನವೇ ಉತ್ತರವೆಂದು ನಿಲ್ಲಿಸಿದ್ದಾರೆ. ಆ ಉತ್ತರ ಕಥೆಗೆ ಸಾಕು; ಕಾಳಗಕ್ಕೆ ಸಾಲದು.

ಕಾವ್ಯವು ಬಿಟ್ಟುದನ್ನು ಆಡುಮಾತು ಉಳಿಸಿಕೊಂಡಿದೆ. ‘ಟೊಂಕ ಕಟ್ಟಿ ನಿಲ್ಲು’, ‘ಕಾಲೂರಿ ನಿಲ್ಲು’, ‘ದಮ್ಮು ಹಿಡಿ’, ‘ಹೆಗಲು ಕೊಡು’ ಮುಂತಾದ ನುಡಿಗಳನ್ನು ನಾವು ಇಂದು ರೂಪಕಗಳಾಗಿ ಬಳಸುತ್ತೇವೆ. ಗದಗಿನ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲನಿಗೆ ಅವು ರೂಪಕಗಳಲ್ಲ. ಟೊಂಕಕ್ಕೆ ವಲ್ಲಿ ಬಿಗಿದು ಕಟ್ಟುವುದರಿಂದ ಹೊಟ್ಟೆಗೆ ಆನಿಕೆ ಸಿಕ್ಕುತ್ತದೆ. ಇಂದಿನ ವ್ಯಾಯಾಮಶಾಲೆಯ ಅಗಲ ಚರ್ಮದ ಪಟ್ಟಿಯ ಕೆಲಸವೂ ಅದೇ. ಕಾಲೂರುವುದು, ದಮ್ಮು ಹಿಡಿಯುವುದು—ಡೆಡ್‌ಲಿಫ್ಟಿನ ಪಾಠದ ಮೊದಲ ಎರಡು ಸೂತ್ರಗಳು. ಇವುಗಳಲ್ಲಿ ತೋಳಿನ ಹೆಸರಿಲ್ಲದಿರುವುದನ್ನು ನೋಡಬೇಕು. ಸೊರಟೂರಿಗೆ ನೆರೆಯದಾದ ಮುಳಗುಂದದಲ್ಲಿ 1112ರಲ್ಲಿ ‘ಧರ್ಮಾಮೃತ’ವನ್ನು ಬರೆದ ನಯಸೇನನು ಸಂಸ್ಕೃತದ ಬೆರಕೆಯನ್ನು ಹಳಿದು, ಊರಿನ ಗಾದೆ ಹೋಲಿಕೆಗಳನ್ನು ಧಾರಾಳವಾಗಿ ತಂದವನು. ಅಂತಹ ಕಿವಿಯುಳ್ಳ ಗದ್ಯಕಾರನೊಬ್ಬನು ಈ ವಿದ್ಯೆಗೆ ಸಿಕ್ಕಿದ್ದರೆ ಕನ್ನಡದಲ್ಲಿ ಮೈಯ ಮಾತು ಇಷ್ಟು ಬಡವಾಗುತ್ತಿರಲಿಲ್ಲ.

ಸಿಕ್ಕುವ ಅವಕಾಶವೊಂದು ನಮ್ಮ ಕಾಲಕ್ಕೆ ಹತ್ತಿರವಾಗಿಯೇ ಬಂದಿತ್ತು. ಬೆಂಗಳೂರಿನ ಕೆ. ವಿ. ಅಯ್ಯರ್ ಅವರು ದೇಶದಾದ್ಯಂತ ಹೆಸರಾದ ಅಂಗಸಾಧಕರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೂ ಅವರೇ. ಮೈಯನ್ನು ಒಳಗಿನಿಂದ ಬಲ್ಲ ಸಾಧಕನೂ ಕನ್ನಡ ಗದ್ಯದಲ್ಲಿ ಪಳಗಿದ ಲೇಖಕನೂ ಒಬ್ಬನೇ ವ್ಯಕ್ತಿಯಾಗಿದ್ದುದು ಅಪರೂಪದ ಯೋಗ. ಆದರೆ ಅವರ ವ್ಯಾಯಾಮಗ್ರಂಥಗಳಲ್ಲಿ ಪ್ರಸಿದ್ಧವಾದ ‘ಮಸಲ್ ಕಲ್ಟ್’, ‘ಪರ್ಫೆಕ್ಟ್ ಫಿಸೀಕ್’ ಮುಂತಾದವು ಇಂಗ್ಲಿಷಿನವು. ಕನ್ನಡಕ್ಕೆ ಬಂದುದು ಹೊಯ್ಸಳರ ರಾಣಿಯ ಕಥೆ, ಇಟಲಿಯ ಕಲಾವಿದನ ಕಥೆ. ಎರಡೂ ಆದರಣೀಯ ಕೃತಿಗಳೇ. ಇಂಗ್ಲಿಷ್ ಬರಹದಿಂದ ಅವರ ಕೀರ್ತಿ ಹೊರನಾಡಿಗೆ ಹಬ್ಬಿತೆಂಬುದೂ ನಿಜ. ಆದರೂ ಭಾರವನ್ನು ಹೇಗೆ ಹಿಡಿಯಬೇಕೆಂಬುದನ್ನು ಕನ್ನಡ ವಾಕ್ಯದಲ್ಲಿ ಹೇಳಬಲ್ಲ ಲೇಖನಿಯು ಆ ಕೆಲಸಕ್ಕೆ ಹೆಚ್ಚಾಗಿ ಬೇರೆ ಭಾಷೆಯನ್ನು ಆರಿಸಿಕೊಂಡಿತು. ಇದೇ ಅವಧಿಯಲ್ಲಿ ಬರೋಡೆಯಿಂದ ಮರಾಠಿಯಲ್ಲಿ ಹತ್ತು ಸಂಪುಟಗಳ ‘ವ್ಯಾಯಾಮ ಜ್ಞಾನಕೋಶ’ ಹೊರಬಂದುದನ್ನು ನೆನೆದರೆ ಕೊರತೆಯ ಅಳತೆ ತಿಳಿಯುತ್ತದೆ. ಇಂದು ಕಾಲೇಜಿನ ವಿದ್ಯಾರ್ಥಿಯು ವ್ಯಾಯಾಮಶಾಲೆಯಲ್ಲಿ ಸರಳಿನ ಮುಂದೆ ನಿಂತಾಗ ಅವನಿಗೆ ಸಿಕ್ಕುವ ಸೂಚನೆ ಅರೆಬರೆ ಇಂಗ್ಲಿಷಿನದು. ಅರ್ಥವಾಗದ ಸೂಚನೆಯಿಂದ ಕೆಡುವುದು ಭಾಷೆಯಲ್ಲ, ಬೆನ್ನು.

ಕೊನೆಗೆ ಪಂಪನ ಮಾತು. ಅಣ್ಣಿಗೇರಿಯ ಸಂಬಂಧದಿಂದ ಅವನೂ ಈ ಸೀಮೆಯವನೇ. 941ರ ‘ಆದಿಪುರಾಣ’ದಲ್ಲಿ ದೃಷ್ಟಿಯುದ್ಧ, ಜಲಯುದ್ಧಗಳಾದ ಮೇಲೆ ಮಲ್ಲಯುದ್ಧದಲ್ಲಿ ಬಾಹುಬಲಿಯು ಅಣ್ಣನಾದ ಭರತನನ್ನು ಎತ್ತುತ್ತಾನೆ. ಎತ್ತಿದವನು ನೆಲಕ್ಕೆ ಅಪ್ಪಳಿಸುವುದಿಲ್ಲ. ಹಿರಿಯನೆಂಬ ಗೌರವದಿಂದ ಇಳಿಸುತ್ತಾನೆ. ಕಾವ್ಯದಲ್ಲಿ ಗೆದ್ದವನ ಮೈಗೆ ಭಾರವು ತಟ್ಟಿದುದು ಇಲ್ಲಿ ಕಾಣುತ್ತದೆ, ಏಕೆಂದರೆ ಇಳಿಸುವುದು ಎತ್ತುವುದಕ್ಕಿಂತ ನಿಧಾನವಾದ ಕ್ರಿಯೆ. ಪವರ್‌ಲಿಫ್ಟಿಂಗ್ ನಿಯಮದಲ್ಲಿಯೂ ಸರಳನ್ನು ಮೇಲೊಯ್ದ ಮಾತ್ರಕ್ಕೆ ಎತ್ತು ಮುಗಿಯುವುದಿಲ್ಲ. ತೀರ್ಪುಗಾರನ ಸಂಜ್ಞೆಯಾದ ಮೇಲೆ ಎರಡು ಕೈಗಳ ಹಿಡಿತ ತಪ್ಪದಂತೆ ನೆಲಕ್ಕಿಳಿಸದಿದ್ದರೆ ಅದು ಲೆಕ್ಕಕ್ಕಿಲ್ಲ. ತೋಳಿನ ಹೆಸರನ್ನೇ ಹೊತ್ತ ಈ ವೀರನ ಮೂರ್ತಿಯನ್ನು 981ರ ಸುಮಾರಿನಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಕಡೆದ ಶಿಲ್ಪಿಯು ತೊಡೆಯವರೆಗೆ ಹುತ್ತ, ಬಳ್ಳಿಗಳ ಆಸರೆಯನ್ನು ಇರಿಸಿದನು. ಅಲ್ಲಿಂದ ಮೇಲಕ್ಕೆ ಯಾವ ಆಧಾರವೂ ಇಲ್ಲ. ಸುಮಾರು 57 ಅಡಿಯ ಆ ವಿಗ್ರಹದಲ್ಲಿ ಎರಡು ತೋಳುಗಳೂ ಸೇರಿದಂತೆ ಮೇಲಿನ ಕಲ್ಲಿನ ಭಾರವೆಲ್ಲ ತೊಡೆಗಳ ಮೇಲೆ ನಿಂತಿದೆ.